ಮಗ್ಗದ ಕುಣಿಯಲ್ಲಿ ಬೆಳೆದ ನೀಲಿ ಹರಳು

ಹೋದ ವಾರ ಒಂದು ಮಗ್ಗಕ್ಕೆ ಹೊಸ ಎಲೆಕ್ಟ್ರಾನಿಕ್ ಬೋರ್ಡು ತರಿಸಿದೆ. ಡಬ್ಬಿ ಬಿಚ್ಚಿದವಳು ನನ್ನ ಸೊಸೆ, ಲೋಕಾಪುರದ ಹುಡುಗಿ, ನಮ್ಮ ಮನೆಗೆ ಬಂದು ಇನ್ನೂ ತಿಂಗಳು ತುಂಬಿಲ್ಲ. ಬೋರ್ಡಿನ ಜೊತೆ ಒಂದು ಸಣ್ಣ ಪೊಟ್ಟಣ ಇತ್ತು. ಚಪ್ಪಲಿ ಡಬ್ಬಿಯಲ್ಲಿ, ಗುಳಿಗೆ ಬಾಟಲಿಯಲ್ಲಿ ಬರುತ್ತದಲ್ಲ, ಥಂಡಿ, ಅಂದರೆ ಗಾಳಿಯ ತೇವ, ಹೀರುವ ಕಾಳುಗಳ ಪೊಟ್ಟಣ, ಅಂಥದ್ದು. ಈಚೆಗೆ ಅದರಲ್ಲಿ ಬಿಳಿ ಕಾಳೇ ಇರುತ್ತವೆ. ಇದರಲ್ಲಿ ಹಳೆಯ ಕಾಲದ ನೀಲಿ ಕಾಳುಗಳಿದ್ದವು. ಪೊಟ್ಟಣ ಒಡೆದು ಕಾಳು ಚೆಲ್ಲಿದವು, ಸೊಸೆ ಅವನ್ನು ಬಳಿದು ಒಂದು ಬಟ್ಟಲಿಗೆ ಹಾಕಿ ಕಿಟಕಿಯಲ್ಲಿಟ್ಟು ಮರೆತಳು. ಹೊರಗೆ ಜಿಟಿಜಿಟಿ ಮಳೆ. ಮರುದಿನ ಬೆಳಿಗ್ಗೆ ಬಟ್ಟಲು ಹಿಡಿದುಕೊಂಡು ಶೆಡ್ಡಿಗೇ ಬಂದಳು.

"ಮಾವಾರ, ಇವು ಬಣ್ಣ ಬದಲಿ ಮಾಡ್ಯಾವ ನೋಡ್ರಿ. ನಿನ್ನೆ ನೀಲಿ ಇದ್ದು, ಇವತ್ತ ಗುಲಾಬಿ ಆಗ್ಯಾವ."

ನಾನು ಮಗ್ಗ ಆರಿಸಿ ಬಟ್ಟಲು ಇಸಿದುಕೊಂಡೆ. "ಕೋಬಾಲ್ಟ್. ಥಂಡಿ ಕುಡದ್ರ ಗುಲಾಬಿ ಆಗತೈತಿ," ಎಂದೆ. ಆ ಹುಡುಗಿ ನನ್ನ ಮುಖವನ್ನೇ ನೋಡಿದಳು. ಹತ್ತನೆಯದಕ್ಕೆ ಶಾಲೆ ಬಿಟ್ಟ ಮಾವನ ಬಾಯಲ್ಲಿ ಈ ಮಾತು ಎಲ್ಲಿಂದ ಬಂತು ಎಂದು ಅವಳಿಗೆ ಆಶ್ಚರ್ಯ. ನಮ್ಮ ಮನೆಯಲ್ಲಿ ಶಾಲೆಯ ಮೆಟ್ಟಿಲನ್ನೇ ಹತ್ತದ ನಮ್ಮ ಅವ್ವನಿಗೂ ಆ ಹೆಸರು ಗೊತ್ತು ಎನ್ನುವುದು ಅವಳಿಗೆ ಹೇಗೆ ತಿಳಿಯಬೇಕು...

ಬನಹಟ್ಟಿಯಲ್ಲಿ ಮಗ್ಗ ನಡೆಸುವವನಿಗೆ ಭೌತಶಾಸ್ತ್ರದ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಯಾಕೆ ಇರಬಾರದು? ನಮ್ಮ ಹಿತ್ತಲ ಕೋಣೆಯಲ್ಲಿ ನಡೆದ ಕೆಲಸ ಅದು. ನಾವು ಅದಕ್ಕೆ ಬೈಸಿಕೊಂಡಿದ್ದೇವೆ, ಅದನ್ನು ಕೆಡಿಸಿದ್ದೇವೆ, ಮತ್ತೆ ಅದಕ್ಕಾಗಿ ಹಟ ಹಿಡಿದಿದ್ದೇವೆ. ಇಷ್ಟಾದ ಮೇಲೆ ಅದು ನಮ್ಮದೂ ಹೌದು.

ಮೇಡಂ ನಮ್ಮ ಮನೆಗೆ ಬಾಡಿಗೆಗೆ ಬಂದದ್ದು ಎಷ್ಟೋ ವರ್ಷದ ಹಿಂದೆ, ಒಂದು ದೀಪಾವಳಿ ಮುಗಿದ ಮೇಲೆ. ಜಮಖಂಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಮೂಲ ಅನಗವಾಡಿಯವರು, ಹೊಳೆದಂಡೆಯ ಊರಿನವರು. ಮದುವೆ ಆಗಿರಲಿಲ್ಲ, ಆಗುವ ವಿಚಾರವೂ ಇದ್ದಂತಿರಲಿಲ್ಲ. ಜಮಖಂಡಿಯಲ್ಲಿ ಅವರಿಗೆ ಮನೆ ನಿಲ್ಲುತ್ತಿರಲಿಲ್ಲ. ಒಂಟಿ ಹೆಂಗಸು, ಅದರ ಮೇಲೆ ಕೋಣೆ ತುಂಬ ಗಾಜಿನ ಬಾಟಲಿ, ಬಣ್ಣದ ನೀರು. ಯಾವ ಮಾಲೀಕನಾದರೂ ಎಷ್ಟು ದಿನ ಸುಮ್ಮನಿದ್ದಾನು? ಕಾಲೇಜಿನ ಲ್ಯಾಬಿನಲ್ಲಿ ಮಾಡೋಣವೆಂದರೆ ಅಲ್ಲಿ ದಿನಾ ಹುಡುಗರ ಪ್ರಾಕ್ಟಿಕಲ್, ಮೇಜು ಅಲುಗದ ಗಳಿಗೆ ಇಲ್ಲ, ಸಂಜೆಯಾದರೆ ಬೀಗ.

ಮನೆ ನೋಡಲು ಬಂದವರು ನಲ್ಲಿ ತಿರುಗಿಸಿ ನೋಡುತ್ತಾರೆ, ಬಚ್ಚಲು ನೋಡುತ್ತಾರೆ. ಇವರು ಎರಡನ್ನೂ ನೋಡಲಿಲ್ಲ. ಹಿತ್ತಲ ಕೋಣೆಯಲ್ಲಿ ನಮ್ಮ ಅಪ್ಪನ ಕೈಮಗ್ಗದ ಕುಣಿ ಇತ್ತು. ಕುಣಿಮಗ್ಗ ಅಂದರೆ ನೇಕಾರ ನೆಲದ ಮಟ್ಟಕ್ಕೆ ಕೂತು, ಕಾಲನ್ನು ತಗ್ಗಿನಲ್ಲಿ ಇಳಿಬಿಟ್ಟು ತುಳಿಯುವ ಮಗ್ಗ. ಅಪ್ಪ ಹೋದ ಮೇಲೆ ಮಗ್ಗ ಬಿಚ್ಚಿ ತೆಗೆದೆವು. ತಗ್ಗು ಮುಚ್ಚಿಸಲು ಮಾತ್ರ ಅವ್ವ ಒಪ್ಪಿರಲಿಲ್ಲ. ಮೇಡಂ ಸೀರೆಯ ನಿರಿಗೆ ಎತ್ತಿ ಹಿಡಿದು ಆ ಕುಣಿಗೆ ಇಳಿದರು, ಗೋಡೆಗೆ ಅಂಗೈ ಹಚ್ಚಿದರು, ಚೀಲದಿಂದ ಥರ್ಮಾಮೀಟರ್ ತೆಗೆದು ಒಳಗಿಟ್ಟು ಅಲ್ಲೇ ಕೂತುಬಿಟ್ಟರು. ಅವ್ವ ಚಹಾ ತಂದಳು. ಅದನ್ನೂ ಕುಣಿಯಲ್ಲಿ ಕೂತೇ ಕುಡಿದರು.

"ಅಣ್ಣಾರ, ಈ ಕುಣಿ ಮುಚ್ಚಂಗಿಲ್ಲ ಹೌದಲ್ಲ?"

"ಮುಚ್ಚೂದಿಲ್ರಿ. ಅಪ್ಪಂದದು."

"ಹಂಗಾರ ಈ ಮನಿ ನನಗ ಬೇಕು."

ಅವರಿಗೆ ಬೇಕಾಗಿದ್ದದ್ದು ಒಂದು ಹರಳು. ಹುಣಸೆ ಬೀಜದಷ್ಟು ದೊಡ್ಡದಾದ, ಒಳಗೆ ಬಿರುಕಿಲ್ಲದ, ಒಂದಕ್ಕೊಂದು ಅಂಟಿಕೊಳ್ಳದ ಒಂಟಿ ಹರಳು. ಸೀಸಿಯಂ ಎನ್ನುವುದರ ಒಂದು ಉಪ್ಪು, ಕೋಬಾಲ್ಟಿನ ಒಂದು ಉಪ್ಪು, ಎರಡನ್ನೂ ಶುದ್ಧ ನೀರಿನಲ್ಲಿ ಕರಗಿಸಿ, ಅದರಲ್ಲಿ ಸಾಸಿವೆಯಷ್ಟು ಬೀಜ ಹರಳನ್ನು ಎಳೆಯಲ್ಲಿ ಕಟ್ಟಿ ಇಳಿಬಿಡುವುದು. ನೀರು ನಿಧಾನವಾಗಿ ಆರುತ್ತ ಹೋದಂತೆ ಬೀಜ ಬೆಳೆಯುತ್ತದೆ. ನೇರಳೆ ನೀರು, ಅದರೊಳಗೆ ಕಡುನೀಲಿ ಹರಳು. ಮುಂದೆ ಅದನ್ನು ದೊಡ್ಡ ಊರಿನ ಒಂದು ಪ್ರಯೋಗಾಲಯಕ್ಕೆ ಒಯ್ದು, ಹಿಮಾಲಯವೂ ಬೆಚ್ಚಗೆನ್ನಿಸುವಷ್ಟು ತಣ್ಣಗೆ ಮಾಡಿ, ಅದರ ಕಾಂತಗುಣ ನೋಡಬೇಕು. ಅಲ್ಲಿ ಅಳೆಯುವುದಕ್ಕೆ ಸರದಿ ಹಚ್ಚಿ, ಅದು ಸಿಗುವುದಕ್ಕೆ ಬಹಳ ಕಾದಿದ್ದರು.

"ಅದರಾಗ ಏನ್ ನೋಡ್ತೀ ಯವ್ವಾ?" ಎಂದು ಅವ್ವ ಕೇಳಿದ್ದಳು. ಅವ್ವನಿಗೆ ಯಾವುದನ್ನೂ ತಿಳಿಯದೆ ಬಿಟ್ಟು ಗೊತ್ತಿಲ್ಲ.

ಮೇಡಂ ನನ್ನ ಶೆಡ್ಡಿನಲ್ಲಿದ್ದ ಹಾಸಿನ ಕಡೆ, ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳ ಕಡೆ, ಕೈ ಮಾಡಿದರು. "ಅವ್ವಾರ, ಆಯಸ್ಕಾಂತ ಅಂದ್ರ ಒಳಗ ಸಣ್ಣ ಸಣ್ಣ ಮುಳ್ಳ ಇದ್ದಂಗ. ಎಲ್ಲಾ ಒಂದ ಕಡೆ ಮುಖಾ ಮಾಡಿ ನಿಂತಿರತಾವು. ಈ ಹರಳಿನಾಗ ಕೋಬಾಲ್ಟ್ ಸಾಲಸಾಲ ನಿಂತೈತಿ, ನಿಮ್ಮ ಹಾಸಿನ ಎಳಿ ಇದ್ದಂಗ. ಆದರ ಹೊಕ್ಕ ಇಲ್ಲ, ಅಡ್ಡ ಎಳಿ ಇಲ್ಲ. ಒಂದ ಎಳಿಗೂ ಬಾಜೂಕಿನ ಎಳಿಗೂ ಮಾತಿಲ್ಲ ಕತಿಯಿಲ್ಲ."

"ಹೊಕ್ಕ ಇಲ್ಲಂದ್ರ ಅರಿವಿ ಹೆಂಗ ಆಗತೈತಿ?"

"ಆಗಂಗಿಲ್ರಿ. ಅದನ್ನ ನೋಡಬೇಕು ನಾ. ಒಂದ ಎಳಿ ಒಂದ ಇದ್ದಾಗ ಅದು ಒಂದ ಕಡೆ ಮುಖಾ ಮಾಡಿ ಸುಮ್ಮ ನಿಂದರಾಂಗಿಲ್ಲ. ಎಷ್ಟ ಥಂಡಿ ಮಾಡಿದ್ರೂ ಒಳಗ ಮಿಸುಕ್ಯಾಡಕೋತ ಇರತೈತಿ. ಕಾವ ಪೂರಾ ಹೋದ ಮ್ಯಾಲೂ."

ಕಾವು ಹೋದ ಮೇಲೆ ಯಾವುದು ಮಿಸುಕಾಡುತ್ತದೆ ಎಂದು ನಾನು ನಕ್ಕೆ. ಅದಕ್ಕೇ ಕ್ವಾಂಟಂ ಅನ್ನುತ್ತಾರೆ ಎಂದರು. ಅದರ ಹಿಂದಿನ ಲೆಕ್ಕ ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯದು. ಆದರೆ ಸುಮ್ಮನಿರು ಎಂದು ಜಗತ್ತೆಲ್ಲ ಹೇಳಿದರೂ ಸುಮ್ಮನಿರದ ವಸ್ತು ಒಂದಿದೆ ಎನ್ನುವುದು ಪೂರ್ತಿ ತಿಳಿಯಿತು. ಅಂಥದ್ದು ನಮ್ಮ ಮನೆಯಲ್ಲೇ ಬಾಡಿಗೆಗೆ ಇತ್ತಲ್ಲ.

ತಂಟೆ ಶುರುವಾದದ್ದು ನನ್ನ ಮಗ್ಗಗಳಿಂದ. ಹಿತ್ತಲ ಕೋಣೆಗೂ ನನ್ನ ಪಾವರ್‌ಲೂಮ್ ಶೆಡ್ಡಿಗೂ ನಡುವೆ ಒಂದೇ ಗೋಡೆ. ಕುಣಿಯ ಮಣ್ಣಿನಲ್ಲಿ ಸೆಕೆಯೂ ಥಂಡಿಯೂ ಹೆಚ್ಚುಕಡಿಮೆ ಆಗುವುದಿಲ್ಲ ನಿಜ, ಆದರೆ ಮಗ್ಗ ಹೊಡೆದ ಏಟಿಗೆ ನೆಲ ಅದುರುತ್ತದೆ. ಅದುರಿದ ನೀರಿನಲ್ಲಿ ಒಂದು ಹರಳು ಬೆಳೆಯುವ ಬದಲು ತಳದಲ್ಲಿ ಸಕ್ಕರೆಯಂತೆ ನೂರಾರು ನುಚ್ಚು ಬೀಳುತ್ತಿತ್ತು. ಮೇಡಂ ಪಾತ್ರೆಯ ಕೆಳಗೆ ಮರಳು ಹಾಸಿದರು, ಮರಳಿನ ಕೆಳಗೆ ನಮ್ಮದೇ ಹತ್ತಿಯ ತ್ಯಾಜ್ಯ ತುಂಬಿದರು. ಸ್ವಲ್ಪ ತಡೆಯಿತು, ಸಾಲಲಿಲ್ಲ. ಕೊನೆಗೆ ಒಂದು ದಿನ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತು ಮಗ್ಗ ನಿಲ್ಲಿಸಲು ಸಾಧ್ಯವೇ ಎಂದು ಕೇಳಿದರು.

"ಮಗ್ಗ ನಿಂತ್ರ ಒಲಿ ನಿಂದರತೈತ್ರಿ ಮೇಡಂ," ಎಂದೆ. ನಾನು ಆಡಿದ್ದರಲ್ಲಿ ತಪ್ಪೇನಿರಲಿಲ್ಲ. ಅವರೂ ತಪ್ಪು ಅನ್ನಲಿಲ್ಲ. ಆದರೆ ಬಿಟ್ಟೂ ಬಿಡಲಿಲ್ಲ. ಕಾಲೇಜಿನಿಂದ ಬಂದವರೇ ದಿನಾ ಗೋಡೆಗೆ ಕಿವಿ ಕೊಟ್ಟು ಯಾವ ಮಗ್ಗ ಹೆಚ್ಚು ಅದುರಿಸುತ್ತದೆ ಎಂದು ನೋಡಿ ನನಗೆ ಹೇಳುತ್ತಿದ್ದರು. ನನಗೆ ರೇಗುತ್ತಿತ್ತು. ಆದರೆ ಅವರು ತೋರಿಸಿದ ಮಗ್ಗದ ಬುಡದ ನಟ್ಟು ಖರೆಯಾಗಿಯೂ ಸಡಿಲಾಗಿರುತ್ತಿತ್ತು.

ದಾರಿ ಸಿಕ್ಕಿದ್ದು ಅಮಾವಾಸ್ಯೆಯಲ್ಲಿ. ನಮ್ಮ ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ. ಪೂಜೆ ಮಾಡಿ, ಕಾಯಿ ಒಡೆದು, ಆ ದಿನ ಸುಮ್ಮನಿರುವುದು ಹಿಂದಿನಿಂದ ಬಂದ ಪದ್ಧತಿ. ಊರಿಗೆ ಊರೇ ಸದ್ದಿಲ್ಲದ ಆ ದಿನ ಮೇಡಂ ಕಾಲೇಜಿಗೆ ರಜೆ ಹಾಕಿ ಬೀಜ ಹರಳನ್ನು ನೀರಿಗೆ ಇಳಿಬಿಟ್ಟರು. ಎಳೆ ನಾನೇ ಕೊಟ್ಟದ್ದು, ರೇಷ್ಮೆಯ ಒಂದೇ ಒಂದು ನವಿರಾದ ಎಳೆ. ಮೊದಲ ದಿನ ನೆಲ ಅಲುಗದೆ ಇದ್ದದ್ದಕ್ಕೆ ಹರಳು ಗಟ್ಟಿಯಾಗಿ ಹಿಡಿದುಕೊಂಡಿತು. ಆಮೇಲೆ ಮಗ್ಗ ಶುರುವಾದರೂ ಮರಳು, ಹತ್ತಿ ಸೇರಿ ಅದನ್ನು ಕಾದವು.

ಆದರೆ ಅಮಾವಾಸ್ಯೆ ದಿನ ಒಂಟಿ ಹೆಂಗಸು ತಗ್ಗಿನಲ್ಲಿ ಕೂತು ಬಣ್ಣದ ನೀರಿನಲ್ಲಿ ಏನನ್ನೋ ದಾರ ಕಟ್ಟಿ ಇಳಿಬಿಡುತ್ತಾಳೆ ಎಂದರೆ ಓಣಿ ಸುಮ್ಮನಿದ್ದೀತೇ? ಮಾಟ ಎಂದರು. ಯಾರದೋ ಆಕಳು ಹಾಲು ಕೊಡುವುದು ನಿಲ್ಲಿಸಿದ್ದಕ್ಕೂ ನಮ್ಮ ಕುಣಿಯೇ ಕಾರಣವಾಯಿತು. ಇಬ್ಬರು ಹಿರಿಯರು ಬಂದು, ಆಕೆಯನ್ನು ಮನೆ ಬಿಡಿಸು ಎಂದು ನನಗೆ ಬುದ್ಧಿ ಹೇಳಿದರು. ಬಾಡಿಗೆ ನನಗೆ ಬರುತ್ತದೋ ನಿಮಗೆ ಬರುತ್ತದೋ ಎಂದು ನಾನು ಕೇಳಿದ್ದಕ್ಕೆ ಮುಖ ಗಂಟಿಕ್ಕಿಕೊಂಡು ಹೋದರು.

ಮೇಡಂ ಇದನ್ನೆಲ್ಲ ಕೇಳಿ ಕದ ಹಾಕಿಕೊಳ್ಳಲಿಲ್ಲ. ಕದ ತೆಗೆದಿಟ್ಟರು. ಒಂದು ಭಾನುವಾರ ಓಣಿಯ ಹೆಂಗಸರನ್ನೆಲ್ಲ ಕರೆದು ಕುಣಿಯ ಸುತ್ತ ಕೂಡಿಸಿ, ಬ್ಯಾಟರಿ ಹಚ್ಚಿ ಹರಳು ತೋರಿಸಿದರು. ದೂರ ದೇಶದ ಗಣಿಯಲ್ಲಿ ಹಿಂದೆ ಬೆಳ್ಳಿ ಸಿಗುತ್ತದೆಂದು ಅಗೆದವರಿಗೆ ಬೆಳ್ಳಿ ಸಿಗದೆ, ಕಲ್ಲು ಕಾಸಿದಾಗ ವಿಷದ ಹೊಗೆ ಎದ್ದು, ಇದರಲ್ಲಿ ದೆವ್ವ ಸೇರಿದೆ ಎಂದು ಹೆದರಿದರಂತೆ. ಆ ದೆವ್ವದ ಹೆಸರೇ ಮುಂದೆ ಕೋಬಾಲ್ಟ್ ಆಯಿತಂತೆ.

"ನೀವು ಅನ್ನೂದು ಖರೇನ ಐತ್ರಿ," ಎಂದರು ನಗುತ್ತ. "ಇದರ ಹೆಸರು ದೆವ್ವಂದ. ಆದರ ಆ ದೆವ್ವ ಹಿಡಕೊಂಡು ಕುಂತಾಕಿ ನಾನು. ನಿಮಗೇನ ಮಾಡಂಗಿಲ್ಲ, ಚಿಂತಿ ಬಿಡ್ರಿ. ಕೈಯಾಗ ಮಾತ್ರ ಹಿಡೀಬ್ಯಾಡ್ರಿ."

ಹೆಂಗಸರು ನಕ್ಕರು. ಮಾಟದ ಮಾತು ಅಲ್ಲಿಗೆ ಅರ್ಧ ನಿಂತಿತು. ಹರಳನ್ನು ನೋಡಿದವರೆಲ್ಲ "ಏನ ಛಂದ ಐತೆವ್ವಾ" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡು ಹೋದರು. ಆ ಮಾತೇ ಮುಂದೆ ಮುಳುವಾಗುತ್ತದೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಅದೇ ದಿನಗಳಲ್ಲಿ ಪ್ರಯೋಗಾಲಯದಿಂದ ಫೋನು ಬಂತು. ಮೇಡಂ ಅಂಗಳದಲ್ಲಿ ಬಟ್ಟೆ ಒಣಹಾಕುತ್ತ ಸ್ಪೀಕರ್ ಇಟ್ಟಿದ್ದರು. ಅಲ್ಲಿಯ ಮುಖ್ಯಸ್ಥರ ದನಿ ಸಕ್ಕರೆಯಂಥದ್ದು. "ನೀವು ವಿಧಾನ ಬರೆದು ಕಳಿಸಿಬಿಡಿ ಮೇಡಂ. ಹರಳು ನಮ್ಮ ಹುಡುಗರೇ ಬೆಳೆಸ್ಕೋತಾರೆ. ಅಲ್ಲಿ ನಿಮಗೆ ಎಲ್ಲ ಕಷ್ಟ ಅಲ್ವಾ? ಲೇಖನದ ಕೊನೇಲಿ ನಿಮಗೊಂದು ಧನ್ಯವಾದ ಹಾಕ್ತೀವಿ."

ಮೇಡಂ ಕೈಯಲ್ಲಿದ್ದ ಸೀರೆಯನ್ನು ಜೋರಾಗಿ ಝಾಡಿಸಿದರು. "ಹರಳು ಇಲ್ಲಿಂದನ ಬರತೈತಿ ಸರ್. ನನ್ನ ಸರದಿಗೆ ನಾನ ತಗೊಂಡ ಬರ್ತೀನಿ." ಫೋನು ಇಟ್ಟ ಮೇಲೆ ನನ್ನ ಕಡೆ ತಿರುಗಿ, ಸರದಿಯ ದಿನ ಹರಳು ಕೈಯಲ್ಲಿಲ್ಲದಿದ್ದರೆ ಇವರು ತಮ್ಮದನ್ನು ಇಟ್ಟು ಅಳೆಯುತ್ತಾರೆ, ಇಷ್ಟು ವರ್ಷ ನಾನು ಮಾಡಿದ್ದು ಅವರದಾಗುತ್ತದೆ ಎಂದರು. ಆ ದಿನದಿಂದ ಆ ಹರಳಿನ ಮೇಲೆ ನನಗೂ ಒಂದು ಕಣ್ಣು ಬಿತ್ತು.

ಮುಂದಿನ ಅಮಾವಾಸ್ಯೆ ಹೊತ್ತಿಗೆ ಅದು ಹುಣಸೆ ಬೀಜದಷ್ಟಾಗಿತ್ತು. ಇನ್ನೊಂದು ವಾರ ಬಿಟ್ಟು ತೆಗೆಯುತ್ತೇನೆ ಎಂದು ಮೇಡಂ ಕಾಲೇಜಿಗೆ ಹೋದರು. ಅವತ್ತು ಅವ್ವ ಮಗ್ಗದ ಪೂಜೆ ಮುಗಿಸಿ, ನಮ್ಮೆಲ್ಲರ ದೃಷ್ಟಿ ತೆಗೆದಳು. ನಮ್ಮ ಮನೆಯ ಪದ್ಧತಿ ಎಂದರೆ ಹಿಡಿ ಉಪ್ಪು ನಿವಾಳಿಸಿ ನೀರಿಗೆ ಹಾಕುವುದು. ಉಪ್ಪು ಕರಗಿದ ಹಾಗೆ ಕೆಟ್ಟ ಕಣ್ಣೂ ಕರಗಲಿ ಎಂದು. ಓಣಿಯ ಹೆಂಗಸರೆಲ್ಲ ಕಣ್ಣಿಟ್ಟು ಹೋದ ಹರಳಿಗೂ ದೃಷ್ಟಿ ತೆಗೆಯಬೇಕೆಂದು ಅವ್ವನಿಗೆ ಅನ್ನಿಸಿತು. ಕುಣಿಗೆ ಇಳಿದಳು. ಉಪ್ಪು ನಿವಾಳಿಸಿದಳು. ಬೇರೆ ನೀರು ಯಾಕೆ, ಹರಳಿನ ಕಣ್ಣು ಹರಳಿನ ನೀರಿನಲ್ಲೇ ಕರಗಲಿ ಎಂದು, ಮುಚ್ಚಿದ ಹಾಳೆ ಎತ್ತಿ ಆ ಹಿಡಿ ಉಪ್ಪನ್ನು ಪಾತ್ರೆಗೇ ಹಾಕಿಬಿಟ್ಟಳು.

ಪ್ರೀತಿಯಿಂದ ಮಾಡಿದ ಕೆಲಸ. ನಮ್ಮವರಲ್ಲದೆ ಇನ್ನಾರು ಮಾಡಿಯಾರು!

ಮರುದಿನ ಬೆಳಿಗ್ಗೆ ಮೇಡಂ ನನ್ನನ್ನು ಕೂಗಿದರು. ಹೋಗಿ ನೋಡಿದರೆ ನೀರು ಕದಡಿತ್ತು, ತಳದಲ್ಲಿ ನುಚ್ಚು. ನೀಲಿ ಹರಳಿನ ಮೈತುಂಬ ಕಜ್ಜಿ ಎದ್ದಂತೆ ಸಣ್ಣ ಸಣ್ಣ ಕಾಳು ಮೆತ್ತಿಕೊಂಡಿದ್ದವು. ಹಿಂದೆಯೇ ಬಂದ ಅವ್ವ, ನಿನ್ನೆ ದೃಷ್ಟಿ ತೆಗೆದದ್ದನ್ನು ತಾನಾಗಿಯೇ ಹೇಳಿದಳು, ಇನ್ನೇನು ಹೊಗಳುತ್ತಾರೆ ಎನ್ನುವ ಧಾಟಿಯಲ್ಲಿ. ಹೇಳುತ್ತ ಹೇಳುತ್ತ ಮೇಡಂ ಅವರ ಮುಖ ನೋಡಿ ಮಾತು ನಿಲ್ಲಿಸಿದಳು...

ಮೇಡಂ ಕೂಗಾಡಲಿಲ್ಲ. ಚಿಮಟಿಯಲ್ಲಿ ಹರಳನ್ನು ತೆಗೆದು ಒರೆಸಿ, ಸಣ್ಣ ಗಾಜಿನ ಬಾಟಲಿಗೆ ಹಾಕಿ, ತಳಕ್ಕೆ ಥಂಡಿ ಹೀರುವ ನೀಲಿ ಕಾಳು ಹಾಕಿ, ಬಿರಡೆ ಬಿಗಿದು ಅವ್ವನ ಮುಂದಿಟ್ಟರು. "ಇದು ನಿಮಗ ಇರಲಿ," ಎಂದರು. ಆಮೇಲೆ ಕುಣಿಯ ಅಂಚಿಗೆ ಕೂತು ಗೋಡೆ ನೋಡುತ್ತ ಉಳಿದರು. ಸರದಿ ಮುಂದಿನ ಅಮಾವಾಸ್ಯೆಗಿಂತ ಮೊದಲೇ ಇತ್ತು. ಉಳಿದ ಪುಡಿ ಇನ್ನೊಂದು ಸಲಕ್ಕೆ ಸಾಕಾಗುವಷ್ಟಿತ್ತು, ಅಷ್ಟೇ. ನೆಲ ಪೂರ್ತಿ ಅಲುಗದಿದ್ದರೆ ಸ್ವಲ್ಪ ಬೇಗ ಬೆಳೆಸಬಹುದಿತ್ತು. ಗೋಡೆಯ ಆಚೆ ನನ್ನ ಮಗ್ಗಗಳು ಬಡಿದುಕೊಳ್ಳುತ್ತಿದ್ದವು.

ಅವ್ವ ಆ ಹೊತ್ತಿನ ಊಟ ಮಾಡಲಿಲ್ಲ. ಮಧ್ಯಾಹ್ನ ಶೆಡ್ಡಿಗೆ ಬಂದು ಕಂಬಕ್ಕೆ ಕೈ ಆನಿಸಿ ನಿಂತಳು.

"ಮಗ್ಗ ನಿಂದರಸು."

"ಯಾಕವ್ವಾ, ಕರೆಂಟ್ ಐತಿ."

"ಹರಳ ಬೆಳಿಯೂತನಕಾ ನಿಂದರಸಂತ ಹೇಳೇನಿ. ಕಿವಿ ಕೇಳತಾವಿಲ್ಲ?"

ನಾನು ವಾದ ಹಾಕಿದೆ. ಒಲೆ, ಕೂಲಿ, ಸಾವ್ಕಾರ, ಎಲ್ಲ ಹೇಳಿದೆ. ನಮ್ಮ ಮಾತು ಕೇಳಿ ಮೇಡಂ ಓಡಿ ಬಂದರು. "ಬ್ಯಾಡ್ರಿ ಅವ್ವಾರ. ನನ್ನ ಸಲುವಾಗಿ ನಿಮ್ಮ ಹೊಟ್ಟಿ ಮ್ಯಾಲ ಹೊಡಕೋಬ್ಯಾಡ್ರಿ."

"ನಿನ್ನ ಸಲುವಾಗಿ ಯಾರ ನಿಂದರಸಾಕತ್ತಾರ?" ಎಂದು ಅವ್ವ ಅವರ ಮೇಲೂ ಹರಿಹಾಯ್ದಳು. "ನನ್ನ ಉಪ್ಪಿನ ಸಲುವಾಗಿ ನಿಂದರಸ್ತೀನಿ ನಾನು. ನೀ ನಡಿ, ನೀರ ಕಲಸು."

ನಾನು ಸ್ವಿಚ್ಚು ಆರಿಸಿದೆ. ಅವ್ವನಿಗೆ ಹೆದರಿ ಅಲ್ಲ. ಆ ಸಕ್ಕರೆ ದನಿಯ ಮನುಷ್ಯನಿಗೆ ಇವರು ಕೊಟ್ಟ ಮಾತು ನನ್ನ ಕಿವಿಯಲ್ಲೂ ಇತ್ತು. ಅಲ್ಲಿ ನಿಮಗೆ ಎಲ್ಲ ಕಷ್ಟ ಅಲ್ವಾ ಎಂದಿದ್ದನಲ್ಲ, ಆ ಮಾತು ನನಗೂ ತಾಗಿತ್ತು. ಕೆಲಸದವರಿಬ್ಬರನ್ನು ರಬಕವಿಯಲ್ಲಿದ್ದ ನಮ್ಮ ಕಾಕಾನ ಮಗನ ಶೆಡ್ಡಿಗೆ ಕಳಿಸಿದೆ. ನಾನು ಮನೆಯಲ್ಲಿ ಕೂತೆ.

ಸದ್ದಿಲ್ಲದ ಮನೆ ಹೇಗಿರುತ್ತದೆ ಎನ್ನುವುದು ನೇಕಾರನಿಗೆ ಗೊತ್ತಿರುವುದಿಲ್ಲ. ನನಗೆ ನಿದ್ದೆ ಹತ್ತದಾಯಿತು. ಅವ್ವ ಅಡುಗೆಮನೆಯಲ್ಲಿ ಪಾತ್ರೆಯನ್ನೂ ಮೆಲ್ಲಗೆ ಇಡುತ್ತಿದ್ದಳು. ಖಾರ ಕುಟ್ಟುವುದನ್ನು ಪಕ್ಕದ ಮನೆಗೆ ಒಯ್ದಳು. ಆ ಮನೆಯವರೇ ಹೋದ ತಿಂಗಳು ಮಾಟ ಎಂದವರು. ಈಗ ತಮ್ಮ ಒಳಕಲ್ಲು ಕೊಟ್ಟು, "ಹರಳ ಎಷ್ಟಾತು?" ಎಂದು ವಿಚಾರಿಸುತ್ತಿದ್ದರು.

ನೂಲು ಕೊಡುವ ಸಾವ್ಕಾರ ಮಾತ್ರ ವಿಚಾರಿಸಲು ಬಂದದ್ದು ಬೇರೆಯದನ್ನು. ಶೆಡ್ಡಿನ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಒಳಗೆ ಹಣಕಿ ನೋಡಿದರು.

"ಯಾಕಪಾ, ಮಗ್ಗ ನಿಂತಾವು? ಯಾರರೇ ತೀರಕೊಂಡರೇನು?"

"ಇಲ್ರಿ. ಹರಳ ಬೆಳಿಯಾಕತ್ತೈತಿ."

ಅವರು ಅರ್ಥವಾಗದೆ ನಿಂತರು. ಅರ್ಥವಾದ ಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕರು. "ಯಾವಾಕಿನೋ ಬಾಡಿಗಿಯಾಕಿ ಮಾತ ಕೇಳಿ ಧಂದೇ ಬಂದ ಮಾಡಿದಿ? ಹಿಂಗಾದ್ರ ನಿನ್ನ ನೂಲು ಬ್ಯಾರೆಯವ್ರಿಗೆ ಕೊಡಬೇಕಾಗತೈತಿ ನೋಡು."

"ಕೊಡ್ರಿ," ಎಂದೆ.

ಅವರು ನಿಜವಾಗಿಯೂ ಕೊಟ್ಟರು. ಆ ವರ್ಷ ಸೀರೆ ಬಿಟ್ಟು ಮಹಾಲಿಂಗಪುರದ ಒಬ್ಬರಿಗೆ ಟವೆಲ್ ನೇಯ್ದುಕೊಟ್ಟು ಹೊಟ್ಟೆ ಹೊರೆದೆವು. ಅದಕ್ಕೆ ನನಗೆ ಒಂದಿಷ್ಟೂ ಪಶ್ಚಾತ್ತಾಪ ಇಲ್ಲ. ಇವತ್ತು ಅವರು ಅದೇ ಬಾಗಿಲಿಗೆ ಬಂದು ಅದೇ ಮಾತು ಕೇಳಿದರೂ ನಾನು ಅದೇ ಉತ್ತರ ಕೊಡುತ್ತೇನೆ.

ಆ ಮೌನದಲ್ಲಿ ಎರಡನೆಯ ಹರಳು ಬೆಳೆಯಿತು. ಮೊದಲಿನದಕ್ಕಿಂತ ತುಸು ಸಣ್ಣದು, ಆದರೆ ಒಳಗೆ ನೋಡಿದರೆ ಮಳೆ ನಿಂತ ಸಂಜೆಯ ಆಕಾಶದಂತೆ ಸ್ವಚ್ಛ. ಒಂದು ಬಿರುಕಿಲ್ಲ. ಹೊರಡುವ ದಿನ ಅದನ್ನು ಡಬ್ಬಿಗಿಳಿಸಿ, ಸುತ್ತ ನಮ್ಮ ಹತ್ತಿ, ಮೇಲೆ ನೀಲಿ ಕಾಳಿನ ಪೊಟ್ಟಣ. ನಾನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ಕಂಡಕ್ಟರ್ ಡಬ್ಬಿಯನ್ನು ಮೇಲೆ ಕ್ಯಾರಿಯರ್‌ನಲ್ಲಿಡಿ ಎಂದ. "ಇದು ಮ್ಯಾಲ ಕೂಡಂಗಿಲ್ಲ. ನನ್ನ ತೊಡಿ ಮ್ಯಾಲನ ಕೂಡತೈತಿ," ಎಂದರು ಮೇಡಂ. ಅವನು ಟಿಕೆಟ್ ಹರಿದುಕೊಟ್ಟು ಮುಂದೆ ಹೋದ.

ತಿರುಗಿ ಬಂದ ದಿನ ಚೀಲವನ್ನೂ ಕೆಳಗಿಡದೆ ಅಡುಗೆಮನೆಗೇ ನಡೆದರು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಹಿಟ್ಟಿನ ಕೈಯನ್ನು ಹಿಡಿದುಕೊಂಡೇ ಹೇಳಿದರು. ಹರಳನ್ನು ತಣ್ಣಗೆ ಮಾಡುತ್ತ ಹೋದರಂತೆ. ಇನ್ನೂ ತಣ್ಣಗೆ, ಮತ್ತೂ ತಣ್ಣಗೆ. ಬೇರೆ ಕಾಂತಗಳೆಲ್ಲ ಎಂದೋ ತಲೆಬಾಗಿ ಸಾಲು ಹಿಡಿದು ನಿಲ್ಲುವ ಚಳಿಯಲ್ಲೂ ಇದು ನಿಲ್ಲಲಿಲ್ಲವಂತೆ. ಚಳಿಯ ಕೊನೆಯ ಮೆಟ್ಟಿಲಿನಲ್ಲಿ, ಅದಕ್ಕಿಂತ ಕೆಳಗೆ ಹೆಚ್ಚೇನೂ ಉಳಿಯದಲ್ಲಿ, ಎಳೆ ಎಳೆಗೆ ಇದ್ದ ಚೂರುಪಾರು ನಂಟಿನಿಂದ ಅಂತೂ ಸಾಲು ಹಿಡಿಯಿತಂತೆ. ಆಗ ಪಕ್ಕದಿಂದ ಕಾಂತಬಲ ಹಾಕಿ ನೋಡಿದರು. ಹಿಡಿದ ಸಾಲು ಮುರಿದು ಮತ್ತೆ ಮಿಸುಕಾಡತೊಡಗಿತು.

"ಅಷ್ಟ ಥಂಡ್ಯಾಗೂ?" ಎಂದಳು ಅವ್ವ.

"ಅಷ್ಟ ಥಂಡ್ಯಾಗೂ, ಅವ್ವಾರ."

"ನಮ್ಮ ಕುಣಿಯಾಗ ಬೆಳದದ್ದೈತಲ್ಲ ಅದು," ಎಂದು ಅವ್ವ ರೊಟ್ಟಿ ತಿರುವಿ ಹಾಕಿದಳು. ಮೇಡಂ ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ಗೊತ್ತಾಗಲಿಲ್ಲ. ನಾನು ಮಗ್ಗ ಶುರು ಮಾಡಲು ಹೋದೆ.

ಆದರೆ ಜಗಳ ಮುಗಿದಿರಲಿಲ್ಲ. ಇದೆಲ್ಲ ಲೇಖನವಾಗಿ ಅಚ್ಚಾಗುವ ಹೊತ್ತಿಗೆ ಮುಖ್ಯಸ್ಥರು ಹರಳು ತಮ್ಮಲ್ಲೇ ಬೆಳೆದಂತೆ ಓದಿಸಿಕೊಳ್ಳುವ ಹಾಗೆ ಬರೆದಿದ್ದರು. ಹರಳು ಬೆಳೆದ ಊರಿನ ಹೆಸರು ಬರಬೇಕು, ಕೈಮಗ್ಗದ ಕುಣಿಯಲ್ಲಿ ಬೆಳೆದದ್ದೆಂದೂ ಬರಬೇಕು ಎಂದು ಮೇಡಂ ಪಟ್ಟು ಹಿಡಿದರು. ಕುಣಿ ಗಿಣಿ ಎಲ್ಲ ಯಾಕೆ, ಓದುವವರು ನಗುತ್ತಾರೆ ಎಂದರಂತೆ. ಹಾಗಾದರೆ ನನ್ನ ಹೆಸರನ್ನೂ ತೆಗೆಯಿರಿ, ಹರಳನ್ನೂ ವಾಪಸ್ ಕೊಡಿ ಎಂದರು ಇವರು. ಬಹಳ ದಿನ ಎಳೆದಾಟ ನಡೆಯಿತು. ಕೊನೆಗೆ ಎರಡೂ ಅಚ್ಚಾಗಿ ಬಂದವು. ಪೂರ್ತಿ ಇಂಗ್ಲಿಷಿನ ಆ ಹಾಳೆಗಳಲ್ಲಿ ನನಗೆ ಓದಲು ಬರುವುದು ಒಂದೇ ಸಾಲು, ಬನಹಟ್ಟಿ ಎಂದಿರುವ ಸಾಲು. ಮೇಡಂ ಅದರ ಕೆಳಗೆ ಬೆರಳಿಟ್ಟು ತೋರಿಸಿದ್ದರು. ನಗುವವರು ನಗಲಿ. ನಮ್ಮ ಅಪ್ಪ ಕಾಲು ಇಳಿಬಿಟ್ಟು ಕೂರುತ್ತಿದ್ದ ತಗ್ಗು ಅದು.

ಆಮೇಲೆ ಅವರಿಗೆ ಬೀಳಗಿ ಕಡೆಗೆ ವರ್ಗವಾಯಿತು. ಬಾಟಲಿಗಳನ್ನೆಲ್ಲ ಟೆಂಪೋದಲ್ಲಿ ಒಯ್ದರು. ಹಬ್ಬಕ್ಕೆ ಬರುತ್ತಿದ್ದರು, ಬಂದಾಗ ಮೊದಲು ಕುಣಿಗೆ ಇಳಿದು ನಿಂತು ಆಮೇಲೆ ನಮ್ಮನ್ನು ಮಾತಾಡಿಸುತ್ತಿದ್ದರು. ಒಮ್ಮೆ ಬಹಳ ಸೊರಗಿ ಬಂದರು. ಏನಾಗೈತಿ ಎಂದು ಅವ್ವ ಕೇಳಿದರೆ, "ಏನಿಲ್ರಿ, ಒಳಗ ಸ್ವಲ್ಪ ಮಿಸುಕ್ಯಾಡಾಕತ್ತೈತಿ," ಎಂದು ನಕ್ಕುಬಿಟ್ಟರು. ಆ ನಗುವಿಗೆ ನಾವು ಸುಮ್ಮನಾದೆವು... ಹೊಟ್ಟೆಯ ರೋಗವಂತೆ. ಸುದ್ದಿ ನಮಗೆ ತಡವಾಗಿ ಬಂತು. ಅನಗವಾಡಿಗೆ ನಾವು ಮುಟ್ಟುವುದರೊಳಗೆ ಮಣ್ಣು ಮಾಡಿ ಮುಗಿದಿತ್ತು. ಅವ್ವ ಹೊಳೆದಂಡೆಯಲ್ಲಿ ಕೂತು ಬಾಯಿ ಬಿಟ್ಟು ಅತ್ತಳು. ಸ್ವಂತ ಮಗಳಿಗೆ ಅತ್ತ ಹಾಗೆ ಎಂದು ಅಲ್ಲಿದ್ದವರು ಆಡಿಕೊಂಡರು. ನಾನು ಅಳಲಿಲ್ಲ. ನನಗೆ ಸಿಟ್ಟು ಬಂದಿತ್ತು. ಅಂಥ ಚಳಿಯನ್ನೇ ಎದುರು ಹಾಕಿಕೊಂಡವರು ಇಷ್ಟಕ್ಕೆ ಸೋಲಬಾರದಿತ್ತು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಗುಲಾಬಿಯಾದ ಕಾಳು ಎಸೆಯಬೇಡ ಎಂದು ಸೊಸೆಗೆ ಹೇಳಿದೆ. ಶೆಡ್ಡಿನ ಹಿಂದೆ ಹಳೆಯ ತಗಡೊಂದನ್ನು ಇದ್ದಲಿನ ಮೇಲಿಟ್ಟು ಕಾಳುಗಳನ್ನು ಕಾಸಿದೆ. ಥಂಡಿ ಆರಿ ಒಂದೊಂದಾಗಿ ಮತ್ತೆ ನೀಲಿಯಾದವು. ಒಳಗೆ ದೇವರ ಜಗಲಿಯ ಮೇಲೆ, ಮೂರ್ತಿಗಳ ಪಕ್ಕದಲ್ಲಿ ಉಪ್ಪು ಬಿದ್ದು ಕೆಟ್ಟ ಮೊದಲ ಹರಳಿನ ಬಾಟಲಿ ಇದೆ. ಅದರ ತಳದ ಕಾಳು ಹಳೆಯವಾಗಿ ಬಿಳಚಿಕೊಂಡಿದ್ದವು. ಅವನ್ನು ಬದಲಿಸಿದೆ. ಅವ್ವನಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಬಾಟಲಿ ಕೈಗೆ ಕೊಟ್ಟರೆ ಬೆಳಕಿಗೆ ಹಿಡಿದು ನೋಡಿ ತಾನೇ ಜಗಲಿಗೆ ಇಟ್ಟಳು.

ಎರಡು ದಿನ ಬಿಟ್ಟು ಅಮಾವಾಸ್ಯೆ ಬಂತು. ಮಗ್ಗಗಳು ನಿಂತಿದ್ದವು. ಅವ್ವ ಗೋಡೆ ಹಿಡಿದುಕೊಂಡು ಬಂದು ಎಲ್ಲರನ್ನೂ ಸಾಲಾಗಿ ಕೂಡಿಸಿ ಉಪ್ಪು ನಿವಾಳಿಸಿದಳು. ತವರಿನ ರೂಢಿಯಂತೆ ಸೊಸೆ ಒಂದು ಬಟ್ಟಲು ನೀರು ತಂದು ಮುಂದೆ ಹಿಡಿದಳು. ಅವ್ವ ಅದನ್ನು ಸರಿಸಿ, ಉಪ್ಪನ್ನು ಒಯ್ದು ಒಲೆಯ ಬೆಂಕಿಗೆ ಹಾಕಿದಳು.

"ಅಮ್ಮಾ, ನಮ್ಮ ಕಡೆ ನೀರಿಗೆ ಹಾಕತಾರ್ರಿ," ಎಂದಳು ಸೊಸೆ.

"ನಮ್ಮ ಮನ್ಯಾಗ ನೀರಿಗೆ ಹಾಕಂಗಿಲ್ಲ," ಎಂದಳು ಅವ್ವ. "ನೀರಾಗ ಯಾರದರೇ ಹರಳು ಬೆಳಿಯಾಕತ್ತಿರತೈತಿ."